ಸಹಾಯ ಬೇಕು: ನೇರಳೆ ಚಿನ್ನದಲ್ಲಿ ಎಲೆಕ್ಟ್ರಾನ್ ಯಾವ ಕಡೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಸೆಮಿನಾರ್‌ಗೆ ನೇರಳೆ ಚಿನ್ನ ಎಂಬ ಚಿನ್ನ-ಅಲ್ಯೂಮಿನಿಯಂ ಮಿಶ್ರಲೋಹದ ವಿಷಯ ತೆಗೆದುಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ.

ಪಾಲಿಂಗ್ ಪಟ್ಟಿಯಲ್ಲಿ ಎಲೆಕ್ಟ್ರೋನೆಗೆಟಿವಿಟಿ (ಎಲೆಕ್ಟ್ರಾನ್ ತನ್ನ ಕಡೆ ಎಳೆದುಕೊಳ್ಳುವ ಗುಣ) ಚಿನ್ನಕ್ಕೆ 2.54, ಅಲ್ಯೂಮಿನಿಯಂಗೆ 1.61. ಹಾಗಾದ್ರೆ ಎಲೆಕ್ಟ್ರಾನ್ ಚಿನ್ನದ ಕಡೆಗೇ ಬರಬೇಕು, ಅಲ್ವಾ? ಸೀಸಿಯಂ (0.79) ಜೊತೆ ಚಿನ್ನ ಸೇರಿದಾಗ ತಕರಾರೇ ಇಲ್ಲ. ಚಿನ್ನ ಋಣ ಅಯಾನು ಆಗುತ್ತದೆ. ಎರಡು ಲೋಹ ಸೇರಿ ಸಿಗುವುದು ಅರೆವಾಹಕ, ಮಜಾ ನೋಡಿ!

ತೊಂದರೆ ಇರುವುದು ನೇರಳೆ ಚಿನ್ನದಲ್ಲಿ (ಒಂದು ಚಿನ್ನಕ್ಕೆ ಎರಡು ಅಲ್ಯೂಮಿನಿಯಂ). ಚಿನ್ನಕ್ಕೆ ಎಲೆಕ್ಟ್ರಾನ್ ಜಾಸ್ತಿ ಬಂದರೆ ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ರೇ ಬಿಟ್ಟು ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವ ವಿಧಾನ) ಅದರ 4ಎಫ್ ಎಂಬ ಒಳಗಿನ ಎಲೆಕ್ಟ್ರಾನ್‌ಗಳ ಬೈಂಡಿಂಗ್ ಎನರ್ಜಿ ಶುದ್ಧ ಚಿನ್ನದ 84.0 ಎಲೆಕ್ಟ್ರಾನ್ ವೋಲ್ಟ್‌ಗಿಂತ ಇಳಿಯಬೇಕಿತ್ತು. ಆದರೆ ಏರಿದೆ.

ಮೇಡಂ ಅವರನ್ನು ಕೇಳಿದೆ. "ಎಸ್ ಎಲೆಕ್ಟ್ರಾನ್ ಒಳಗೆ ಬರುತ್ತದೆ, ಡಿ ಎಲೆಕ್ಟ್ರಾನ್ ಹೊರಗೆ ಹೋಗುತ್ತದೆ" ಎಂದರು (ಎಸ್, ಡಿ ಎಂದರೆ ಚಿನ್ನದ ಹೊರಗಿನ ಎರಡು ಬಗೆಯ ಆರ್ಬಿಟಲ್‌ಗಳು). ಮಾಸ್‌ಬೌವರ್ ಅಳತೆಯಲ್ಲೂ (ನ್ಯೂಕ್ಲಿಯಸ್ ಹೀರುವ ಗಾಮಾ ಕಿರಣದಿಂದ ಮಾಡುವ ಅಳತೆ) ಚಿನ್ನದ ನ್ಯೂಕ್ಲಿಯಸ್ ಹತ್ತಿರ ಎಸ್ ಸಾಂದ್ರತೆ ಹೆಚ್ಚಿದೆ ಎಂದು ಓದಿದೆ. ಸರಿ, ಒಪ್ಪಿದೆ. ಆದರೆ ಬಂದಿದ್ದೇ ಜಾಸ್ತಿ ಆಗಿದ್ದರೆ ಎನರ್ಜಿ ಏರಿದ್ದು ಹೇಗೆ? ಸುಮ್ನೆ ಸೂತ್ರ ಬರೆದು ದಾಟಿಸಲು ಮನಸ್ಸಿಲ್ಲ.

ತಿಳಿದವರು ಇಷ್ಟು ಹೇಳಿ: ಡಿ ಎಲೆಕ್ಟ್ರಾನ್ ಸ್ವಲ್ಪ ಕಡಿಮೆಯಾದರೂ, ಬಂದ ಎಸ್ ಎಲೆಕ್ಟ್ರಾನ್‌ಗಿಂತ ಅದರ ಪರಿಣಾಮವೇ 4ಎಫ್ ಮೇಲೆ ದೊಡ್ಡದಾ? ಹಾಗಿದ್ದರೆ, ಒಟ್ಟು ಚಾರ್ಜ್ ಯಾವ ಕಡೆ ಹೋಯಿತು ಎಂದು ಎಕ್ಸ್‌ಪಿಎಸ್ ಒಂದನ್ನೇ ನೋಡಿ ಹೇಳಬಹುದಾ?