ಶೈನ್ 125ರಿಂದ ಮುಂದಕ್ಕೆ: 2 ಲಕ್ಷದೊಳಗೆ ಮಜಾ ಕೊಡುವ ಬೈಕ್ ಯಾವುದು?

ಕಾಪು_ಲೈಟ್‌ಹೌಸ್ ಕೇಳಿದ್ದು:

ಈಗ ಇರುವುದು ಶೈನ್ 125. ಕಾಪುವಿನಿಂದ ಬೈಕಂಪಾಡಿಗೆ ದಿನಾ ಹೋಗಿ ಬರ್ಲಿಕ್ಕೆ ಸುಮಾರು 65 ಕಿಮೀ, ಹೆಚ್ಚುಕಮ್ಮಿ ಪೂರ್ತಿ ಹೆದ್ದಾರಿ 66. ತಿಂಗಳಲ್ಲಿ ಒಂದೆರಡು ಭಾನುವಾರ ಆಗುಂಬೆ ಅಥವಾ ಕುದುರೆಮುಖದ ಕಡೆ. ಎತ್ತರ 5 ಅಡಿ 4 ಇಂಚು, ತೂಕ 65 ಕೆಜಿ. ಗೇರ್ ಬೈಕ್ ಓಡಿಸಿ ಐದು ವರ್ಷದ ಅಭ್ಯಾಸ ಉಂಟು, ಆದ್ರೆ 125 ಸಿಸಿಗಿಂತ ದೊಡ್ಡದು ಓಡಿಸಿಲ್ಲ. ಆನ್‌ರೋಡ್ ಬಜೆಟ್ 2 ಲಕ್ಷ, ಅದಕ್ಕಿಂತ ಮೇಲೆ ಹೋಗ್ಲಿಕ್ಕೆ ಆಗುವುದಿಲ್ಲ.

ತಲೆಯಲ್ಲಿ ಇರುವುದು ಎಂಟಿ-15, ಪಲ್ಸರ್ ಎನ್‌ಎಸ್200, ಹಂಟರ್ 350, ಇಲ್ಲದಿದ್ರೆ ಸೆಕೆಂಡ್ ಹ್ಯಾಂಡ್ ಡ್ಯೂಕ್ 390. ಮೈಲೇಜ್ 35 ಬಂದ್ರೆ ಸಾಕು. ಮಳೆಗಾಲಕ್ಕೂ ಇದೇ ಬೈಕ್, ಬೇರೆ ಗಾಡಿ ಇಲ್ಲ. ಯಾವುದು ತೆಗೊಳ್ಳಬಹುದು?

ಘಾಟಿ_ಸೆಕೆಂಡ್_ಗೇರ್:

ಮೊದಲು ಡ್ಯೂಕ್ 390 ಪಟ್ಟಿಯಿಂದ ತೆಗೆಯಿರಿ. ಬರೀ ಪವರ್ ನೋಡಿದ್ರೆ ಗೊತ್ತಾಗುವುದಿಲ್ಲ. ಬೈಕಿನ ತೂಕಕ್ಕೆ ನಿಮ್ಮ 65 ಕೆಜಿ ಸೇರಿಸಿ ಭಾಗಿಸಿ ನೋಡಬೇಕು. ಶೈನ್‌ನದ್ದು 10.7 ಪಿಎಸ್ (ಅಶ್ವಶಕ್ತಿ), ಬೈಕ್ 114 ಕೆಜಿ, ನೀವು ಕೂತಾಗ 179. ಅಂದ್ರೆ ಟನ್ನಿಗೆ 60 ಪಿಎಸ್ ಲೆಕ್ಕ. ಇದೇ ಲೆಕ್ಕದಲ್ಲಿ ಹಂಟರ್ 83, ಎಂಟಿ-15 89, ಎನ್‌ಎಸ್200 110. ನಿಮ್ಮ ಬಜೆಟ್ಟಿಗೆ ಸಿಗುವ ಹಳೆ 373 ಸಿಸಿ ಡ್ಯೂಕ್ 390 ಹತ್ತಿರಹತ್ತಿರ 190. ಒಂದೇ ಸಲಕ್ಕೆ ಮೂರು ಪಟ್ಟು.

ಶೈನ್‌ನಲ್ಲಿ ಬಸ್ಸನ್ನು ಹಿಂದೆ ಹಾಕ್ಲಿಕ್ಕೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ತಿರುಗಿಸಿ ಕೈಗೆ ಅದೇ ಅಭ್ಯಾಸ ಆಗಿರ್ತದೆ. ಅದೇ ಕೈ 390ರಲ್ಲಿ ಜೂನ್ ತಿಂಗಳ ಒದ್ದೆ ರೋಡಲ್ಲಿ, ಜೀಬ್ರಾ ಪಟ್ಟಿಯ ಪೇಂಟಿನ ಮೇಲೆ ಅಷ್ಟೇ ತಿರುಗಿದ್ರೆ ಹಿಂದಿನ ಚಕ್ರ ಜಾರ್ತದೆ. ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆ) ಬ್ರೇಕ್ ಹಿಡಿಯುವಾಗ ಕಾಯುತ್ತದೆಯೇ ಹೊರತು ಆಕ್ಸಿಲರೇಟರ್ ಜಾಸ್ತಿಯಾದಾಗ ಅಲ್ಲ. ಅದು ಒಳ್ಳೇ ಬೈಕೇ. ಮಧ್ಯದಲ್ಲಿ ಒಂದು ಮೆಟ್ಟಿಲು ಹತ್ತಿ ಆಮೇಲೆ ತೆಗೊಳ್ಳಿ.

ಎರಡನೇ ಪ್ರಶ್ನೆ, ಆ ಪವರ್ ಎಲ್ಲಿ ಸಿಗ್ತದೆ ಅಂತ. ಎಂಟಿ-15ರ ವಿವಿಎ (ಎಂಜಿನ್ ಜೋರಾಗಿ ತಿರುಗುವಾಗ ವಾಲ್ವ್ ಹೆಚ್ಚು ತೆರೆಯುವ ವ್ಯವಸ್ಥೆ) ಕೆಲಸ ಶುರುಮಾಡುವುದೇ 7,400 ಆರ್‌ಪಿಎಂನಲ್ಲಿ, 18.4 ಪಿಎಸ್ ಪೂರ್ತಿ ಸಿಗುವುದು 10,000ದಲ್ಲಿ. ಹಾಗಾಗಿ ಪಡುಬಿದ್ರಿ ದಾಟಿ 60ರಲ್ಲಿ ಹೋಗುವಾಗ ಎದುರಿನ ಟ್ಯಾಂಕರನ್ನು ಹಿಂದೆ ಹಾಕ್ಬೇಕಾದ್ರೆ ಎರಡು ಗೇರ್ ಇಳಿಸ್ಬೇಕು. ಕೆಲವರಿಗೆ ಅದೇ ಮಜಾ, ಕೆಲವರಿಗೆ ವಾರದ ಐದನೇ ದಿನ ಕಿರಿಕಿರಿ. ಹಂಟರ್‌ನ 27 ಎನ್‌ಎಂ ಟಾರ್ಕ್, ಅಂದ್ರೆ ಎಳೆಯುವ ಬಲ, 4,000ದಲ್ಲೇ ಸಿಗ್ತದೆ, ಗೇರ್ ಮುಟ್ಟದೆ ಹೋಗಬಹುದು. ಆದ್ರೆ ಅದರ ತೂಕ 181 ಕೆಜಿ, ಶೈನ್‌ಗಿಂತ 67 ಕೆಜಿ ಜಾಸ್ತಿ. ಒಂದೂಕಾಲು ಮೂಟೆ ಅಕ್ಕಿ ಹಾಕಿಕೊಂಡು ಓಡಿಸಿದ ಹಾಗೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳ್ತೇನೆ: ಅಪಾಚೆ ಆರ್‌ಟಿಆರ್ 200 4ವಿ. 20.8 ಪಿಎಸ್, 152 ಕೆಜಿ, ಟನ್ನಿಗೆ 96. ಸೀಟ್ 800 ಮಿಮೀ. ಸ್ಪೋರ್ಟ್, ಅರ್ಬನ್, ರೇನ್ ಅಂತ ಮೂರು ಮೋಡ್ ಉಂಟು, ರೇನ್‌ನಲ್ಲಿ ಪವರ್ 17.3ಕ್ಕೆ ಇಳಿದು ಎಬಿಎಸ್ ಬೇಗ ಕೆಲಸ ಶುರುಮಾಡ್ತದೆ. ಸ್ಲಿಪ್ಪರ್ ಕ್ಲಚ್ ಇರುವುದ್ರಿಂದ ಆಗುಂಬೆ ಇಳಿಯುವಾಗ ಮೂರರಿಂದ ಎರಡಕ್ಕೆ ಗಡಿಬಿಡಿಯಲ್ಲಿ ಹಾಕಿದ್ರೂ ಹಿಂದಿನ ಚಕ್ರ ಲಾಕ್ ಆಗಿ ಕುಣಿಯುವುದು ಕಮ್ಮಿ. ಆ 14 ತಿರುವಿನಲ್ಲಿ ಬೈಕ್ ಹಗುರ ಇದ್ದಷ್ಟು ಲಾಭ, 40 ಪಿಎಸ್‌ಗೆ ಅಲ್ಲಿ ಕೆಲಸವೇ ಇಲ್ಲ. ಕೊರತೆ ಅಂದ್ರೆ ಗೇರ್ ಐದೇ. 90ರ ಮೇಲೆ ಆರನೇ ಗೇರ್ ಎಲ್ಲಿ ಅಂತ ಎಡಗಾಲು ಹುಡುಕ್ತದೆ.

ಎನ್‌ಎಸ್200ಕ್ಕೆ ಆರು ಗೇರ್, ಕೂಲಂಟಿನಿಂದ ತಣಿಯುವ ಎಂಜಿನ್, 24.5 ಪಿಎಸ್. ಹೆದ್ದಾರಿಗೆ ಅಪಾಚೆಗಿಂತ ಮೇಲು. 805 ಮಿಮೀ ಸೀಟಿಗೆ ನಿಮ್ಮ ಕಾಲು ಸಾಕಾಗ್ತದಾ ಅಂತ ಕೂತು ನೋಡಿ.

ನಂತೂರು_ಸಿಗ್ನಲ್:

ಹಂಟರಿಗೆ ಸ್ವಲ್ಪ ಅನ್ಯಾಯ ಆಯ್ತು ಮಾರಾಯ್ರೆ. ತೂಕ ಇರುವುದು ಹೌದು, ಆದ್ರೆ ಸೀಟ್ 790 ಮಿಮೀ, ಭಾರ ಕೆಳಗೆ. 5 ಅಡಿ 4 ಇಂಚಿನವರಿಗೆ ಎರಡೂ ಪಾದ ಊರ್ಲಿಕ್ಕೆ ಸಿಗ್ತದೆ. ಮಂಗಳೂರಿನ ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಇಂಚಿಂಚು ಹೋಗುವಾಗ ಅದು ಎಷ್ಟು ಆರಾಮ ಅಂತ ಲೆಕ್ಕ ಹಾಕಿ ಗೊತ್ತಾಗುವುದಿಲ್ಲ.

ತೆಗೊಳ್ಳುವುದಾದ್ರೆ ಎರಡು ವಿಷಯ ನೋಡಿ. ಅತಿ ಕಡಿಮೆ ಬೆಲೆಯ ವೇರಿಯಂಟ್ ಬೇಡ: ಹಿಂದೆ ಡ್ರಮ್ ಬ್ರೇಕ್, ಸಿಂಗಲ್ ಚಾನೆಲ್ (ಮುಂದಿನ ಚಕ್ರಕ್ಕೆ ಮಾತ್ರ) ಎಬಿಎಸ್, ಸ್ಪೋಕ್ ಚಕ್ರಕ್ಕೆ ಟ್ಯೂಬ್. ರಾತ್ರಿ ಮಳೆಯಲ್ಲಿ ಮೂಲ್ಕಿ ಹತ್ತಿರ ಟ್ಯೂಬ್ ಪಂಕ್ಚರ್ ಆದ್ರೆ ಚಕ್ರ ಬಿಚ್ಚದೆ ಬೇರೆ ದಾರಿ ಇಲ್ಲ. ಟ್ಯೂಬ್‌ಲೆಸ್ ಆದ್ರೆ ನಿಧಾನಕ್ಕೆ ಗಾಳಿ ಇಳಿಯುತ್ತದೆ, ಪಕ್ಕದ ಪಂಪಿನವರೆಗೆ ಹೋಗಬಹುದು. ಎರಡನೆಯದು, ಸೆಕೆಂಡ್ ಹ್ಯಾಂಡ್ ಹಂಟರ್ ನೋಡುವುದಾದ್ರೆ 2025ರ ಮಾದರಿಯಲ್ಲಿ ಸ್ಲಿಪ್ಪರ್ ಕ್ಲಚ್ ಬಂದಿದೆ, ಹಿಂದಿನ ಸ್ಪ್ರಿಂಗನ್ನೂ ಬದಲಾಯಿಸಿದ್ದಾರೆ. ಅದಕ್ಕಿಂತ ಹಳೆಯದರಲ್ಲಿ ಹಿಂದಿನ ಶಾಕ್ ಗಟ್ಟಿ, ಸರ್ವಿಸ್ ರೋಡಿನ ಪ್ರತಿ ಹೊಂಡವೂ ಸೊಂಟಕ್ಕೆ ತಲುಪುತ್ತದೆ.

ಘಾಟಿಯಲ್ಲಿ ಬಗ್ಗಿಸಿ ಓಡಿಸುವವರಾದ್ರೆ ಮಾತ್ರ ನನ್ನ ವೋಟೂ ಅಪಾಚೆಗೇ. ಹಂಟರ್‌ನಲ್ಲಿ ಫುಟ್‌ರೆಸ್ಟ್ ಬೇಗ ರೋಡಿಗೆ ತಾಗ್ತದೆ.

ಹಿಸಾಬು_ಭಟ್ರು:

ಯಾರೂ ದುಡ್ಡಿನ ವಿಷಯ ಹೇಳಿಲ್ಲ. ಕರ್ನಾಟಕದಲ್ಲಿ 1 ಲಕ್ಷ ದಾಟಿದ ಬೈಕಿಗೆ ಜೀವಮಾನ ತೆರಿಗೆ 18%, ಅದರ ಮೇಲೆ ಸೆಸ್. ಎಕ್ಸ್‌ಶೋರೂಮ್ 1.50 ಲಕ್ಷ ಅಂತ ಇಟ್ಟುಕೊಳ್ಳಿ. ತೆರಿಗೆಯೇ 27,000, ಸೆಸ್ ಸೇರಿ 30,000ದ ಹತ್ತಿರ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. 150ರಿಂದ 350 ಸಿಸಿವರೆಗೆ ಅದು 7,365, ಜಿಎಸ್‌ಟಿ ಬೇರೆ. ಇದಕ್ಕೆ ಒಂದು ವರ್ಷದ ಓನ್ ಡ್ಯಾಮೇಜ್ (ನಮ್ಮದೇ ಬೈಕಿನ ಹಾನಿಗೆ ಇನ್ಶೂರೆನ್ಸ್), ರಿಜಿಸ್ಟ್ರೇಷನ್, ನಂಬರ್ ಪ್ಲೇಟ್. ಒಟ್ಟು 1.95 ಲಕ್ಷದ ಆಸುಪಾಸು ಆಗ್ತದೆ. ಹಾಗಾಗಿ ನಿಮ್ಮ 2 ಲಕ್ಷ ಅಂದ್ರೆ ನಿಜಕ್ಕೂ ಒಂದೂವರೆ ಲಕ್ಷದ ಬೈಕ್.

350 ಸಿಸಿ ಅನ್ನುವುದು ಈಗ ದೊಡ್ಡ ಗಡಿ. 2025ರ ಸೆಪ್ಟೆಂಬರ್ 22ರಿಂದ 350ರವರೆಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಮೇಲಿನದ್ದಕ್ಕೆ 40. ಥರ್ಡ್ ಪಾರ್ಟಿ ಪ್ರೀಮಿಯಂ ಕೂಡ 350 ದಾಟಿದ ಕೂಡಲೇ 15,117, ದುಪ್ಪಟ್ಟಿಗಿಂತ ಜಾಸ್ತಿ. ಸೆಕೆಂಡ್ ಹ್ಯಾಂಡ್ 390 ತೆಗೊಂಡ್ರೂ ಪ್ರತಿ ವರ್ಷದ ಥರ್ಡ್ ಪಾರ್ಟಿ 2,804, ಎನ್‌ಎಸ್200ಕ್ಕೆ 1,366.

ಈ 2 ಲಕ್ಷದಲ್ಲೇ 15,000 ತೆಗೆದಿಡಿ. ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಗ್ಲೌಸ್, ಮೊಣಕೈ ಭುಜಕ್ಕೆ ಪ್ಯಾಡ್ ಇರುವ ಜಾಕೆಟ್, ಪ್ಯಾಂಟ್ ಸಮೇತ ರೈನ್‌ಕೋಟ್. ಶೋರೂಮಿನವರು ಅಂಟಿಸುವ ಕ್ರ್ಯಾಶ್ ಗಾರ್ಡ್, ಟೆಫ್ಲಾನ್ ಕೋಟಿಂಗ್, ಸೀಟ್ ಕವರ್ ಬಿಟ್ರೆ ಅದರಲ್ಲೇ ಒಂದು ಪಾಲು ಉಳಿತಾಯ ಆಗ್ತದೆ. ಅದರಲ್ಲೂ ಟೆಫ್ಲಾನ್ ಕೋಟಿಂಗ್ ಸುಮ್ಮನೆ ದಂಡ.

ಗ್ಯಾರೇಜ್_ಮಾಣಿ:

ಸೆಕೆಂಡ್ ಹ್ಯಾಂಡ್ ಆಸೆ ಬಿಟ್ಟಿಲ್ಲದಿದ್ರೆ ಡ್ಯೂಕ್ 250 ಅಥವಾ ಜಿಕ್ಸರ್ 250 ನೋಡಿ. ಹೀಗೆ ಪರೀಕ್ಷಿಸಿ.

ಎಂಜಿನ್ ತಣ್ಣಗೆ ಇರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ರೆ ಏನೋ ಮುಚ್ಚಿಡ್ತಾ ಇದ್ದಾರೆ ಅಂತ ಲೆಕ್ಕ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ. ಸರಿಯಾಗಿ ಮಧ್ಯಕ್ಕೆ ಬಂದಾಗ ಗುಳಿಗೆ ಬಿದ್ದ ಹಾಗೆ ಕಚ್ಚಿದ್ರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹ್ಯಾಂಡಲ್ ಕೊನೆಗೆ ಬಂದು ನಿಲ್ಲುವ ಜಾಗದಲ್ಲಿ ಚಾಸಿಯ ಕಿವಿ ಜಜ್ಜಿದ್ರೆ ಬೈಕ್ ಜೋರಾಗಿ ಬಿದ್ದಿದೆ, ಬೇರೆ ಏನೂ ನೋಡದೆ ವಾಪಸ್ ಬನ್ನಿ. ಹಿಂದಿನ ಸ್ಪ್ರಾಕೆಟಿನ ಹಿಂಭಾಗದಲ್ಲಿ ಚೈನನ್ನು ಬೆರಳಲ್ಲಿ ಎಳೆಯಿರಿ, ಅರ್ಧ ಹಲ್ಲು ಕಂಡ್ರೆ ಚೈನ್ ಸ್ಪ್ರಾಕೆಟ್ ಸೆಟ್ಟಿನ ದುಡ್ಡು ಬೆಲೆಯಲ್ಲಿ ಕಳೆಯಿರಿ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಕೆತ್ತಿರ್ತಾರೆ, ವರ್ನಿಯರ್ ಕ್ಯಾಲಿಪರ್ (ದಪ್ಪ ಅಳೆಯುವ ಉಪಕರಣ) ಇಟ್ಟು ಅಳೆಯಿರಿ. ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರ್ತದೆ: 2321 ಅಂದ್ರೆ 2021ರ 23ನೇ ವಾರ. ಟೈರಿನ ಗುಂಡಿ (ಟ್ರೆಡ್) ಎಷ್ಟೇ ಇರಲಿ, ಐದು ವರ್ಷ ದಾಟಿದ ರಬ್ಬರ್ ಒದ್ದೆಯಲ್ಲಿ ಕಲ್ಲು.

ನೆರೆಯಲ್ಲಿ ಮುಳುಗಿದ್ದನ್ನೂ ಪಾಲಿಶ್ ಹಾಕಿ ಮಾರುತ್ತಾರೆ. ಸೀಟ್ ಎತ್ತಿ ಫ್ಯೂಸ್ ಪೆಟ್ಟಿಗೆ ತೆಗೆದು ನೋಡಿ. ಪಿನ್ನುಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕೂತಿದ್ರೆ ಬೇಡ.

ಕಾಸರಗೋಡು ಕಡೆಯ ಕೆಎಲ್-14 ಬೈಕುಗಳು ಅಗ್ಗ ಅಂತ ಕಾಣ್ತದೆ. ಆದ್ರೆ ಅಲ್ಲಿನ ಆರ್‌ಟಿಒ ಎನ್‌ಒಸಿ ತಂದು ಇಲ್ಲಿ ವಾಹನದ ವಯಸ್ಸಿಗೆ ತಕ್ಕ ಜೀವಮಾನ ತೆರಿಗೆ ಕಟ್ಟಿ ಹೊಸ ನಂಬರ್ ಮಾಡಿಸ್ಬೇಕು. ಅದನ್ನೂ ಕೂಡಿಸಿ ಆಮೇಲೆ ಅಗ್ಗವಾ ಅಂತ ನೋಡಿ. ಇಲ್ಲಿಯದ್ದೇ ಆದ್ರೆ ಹೆಸರು ಬದಲಾಯಿಸುವ ಫಾರಂ 29, 30, ಸಾಲ ಇದ್ರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಆರ್‌ಸಿಯಲ್ಲಿ ಸಾಲದ ಹೆಸರು ಹೋಗುವವರೆಗೆ ಪೂರ್ತಿ ದುಡ್ಡು ಕೊಡ್ಬೇಡಿ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಮಲ್ಪೆ_ಉಪ್ಪು:

ಕಾಪು ಅಂದ್ರೆ ಕಡಲ ಬದಿ. ಯಾವ ಬೈಕ್ ತೆಗೊಂಡ್ರೂ ಮೊದಲು ಹೋಗುವುದು ಮುಂದಿನ ಫೋರ್ಕ್ ರಾಡ್. ಉಪ್ಪಿನ ಗಾಳಿಗೆ ಕ್ರೋಮ್ ಮೇಲೆ ಸಾಸಿವೆ ಗಾತ್ರದ ತುಕ್ಕಿನ ಚುಕ್ಕೆ ಏಳ್ತದೆ, ಅದು ಆಯಿಲ್ ಸೀಲನ್ನು ಹರಿಯುತ್ತದೆ, ಆಯಿಲ್ ಇಳಿದು ಬ್ರೇಕ್ ಪ್ಯಾಡಿಗೆ ತಾಗ್ತದೆ. ಬರೀ ಸೀಲ್ ಬದಲಿಸಿದ್ರೆ ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆದು, ಒಣಗಿದ ಮೇಲೆ ರಾಡಿಗೆ ತೆಳುವಾಗಿ ಮೇಣ ಹಚ್ಚಿ ಒರೆಸಿ.

ಚೈನಿಗೆ ಬೇಸಿಗೆಯಲ್ಲಿ 500 ಕಿಮೀಗೆ ಒಮ್ಮೆ, ಮಳೆಯಲ್ಲಿ 250ಕ್ಕೆ ಒಮ್ಮೆ ಲೂಬ್. ನಿಮ್ಮ ಓಡಾಟಕ್ಕೆ ಅದು ನಾಲ್ಕು ದಿನಕ್ಕೊಮ್ಮೆ. ಓ-ರಿಂಗ್ ಚೈನನ್ನು ಪೆಟ್ರೋಲಲ್ಲಿ ತೊಳೆಯಬೇಡಿ, ರಿಂಗ್ ಒಣಗಿ ಸೀಳ್ತದೆ, ಸೀಮೆಎಣ್ಣೆ ಆಗ್ತದೆ. ಸ್ಪ್ರೇ ಹೊಡೆಯುವಾಗ ಡಿಸ್ಕಿಗೆ ಬಟ್ಟೆ ಮುಚ್ಚಿ. ಬ್ರೇಕ್ ಕ್ಯಾಲಿಪರಿನ ಜಾರು ಪಿನ್ನುಗಳನ್ನು ಮಳೆಗಾಲ ಮುಗಿದ ಕೂಡಲೇ ಬಿಚ್ಚಿ ಸಿಲಿಕಾನ್ ಗ್ರೀಸ್ ಹಾಕಿಸಿ, ಇಲ್ಲದಿದ್ರೆ ಒಂದು ಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ನಮ್ಮ ಹವೆಯಲ್ಲಿ ಅದು ನೀರು ಕುಡಿದು, ಘಾಟಿ ಇಳಿಯುವಾಗ ಬಿಸಿಯಾಗಿ ಲಿವರ್ ಮೆತ್ತಗಾಗುತ್ತದೆ.

ಪ್ಲಾಸ್ಟಿಕ್ ತಾರ್ಪಾಲ್ ಹೊದಿಸಿ ಬಿಗಿಯಾಗಿ ಕಟ್ಟಬೇಡಿ. ಒಳಗೆ ಬೆವರಿ ತೆರೆದಿಟ್ಟದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ.

ಕಾಪು_ಲೈಟ್‌ಹೌಸ್:

ಎಲ್ಲರಿಗೂ ಧನ್ಯವಾದ. 390 ಬಿಟ್ಟೆ, ಸೆಕೆಂಡ್ ಹ್ಯಾಂಡೂ ಬೇಡ. ಉಳಿದದ್ದು ಅಪಾಚೆ 200 ಮತ್ತು ಎನ್‌ಎಸ್200. ಟೆಸ್ಟ್ ರೈಡಿನಲ್ಲಿ ಏನು ನೋಡ್ಬೇಕು? ಇನ್ನೊಂದು, ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು, ಶುಭಕಾರ್ಯಕ್ಕೆ ಆಗುವುದಿಲ್ಲ ಅನ್ನುವ ನಂಬಿಕೆ) ಆಫರ್ ಉಂಟು ಅಂತಾರೆ. ಮನೆಯಲ್ಲಿ ಆಟಿಯಲ್ಲಿ ಗಾಡಿ ತರ್ಲಿಕ್ಕೆ ಒಪ್ಪುವುದಿಲ್ಲ.

ಘಾಟಿ_ಸೆಕೆಂಡ್_ಗೇರ್:

ಶೋರೂಮಿನ ಎದುರು ನೂರು ಮೀಟರ್ ಹೋಗಿ ಬಂದ್ರೆ ಪ್ರಯೋಜನ ಇಲ್ಲ. 20 ನಿಮಿಷ ಕೇಳಿ, ಲೈಸೆನ್ಸ್ ತೋರಿಸಿದ್ರೆ ಕೊಡ್ತಾರೆ. ನೀವು ದಿನಾ ಹಾಕುವ ಚಪ್ಪಲಿಯೋ ಶೂವೋ ಅದರಲ್ಲೇ ಹೋಗಿ, ದಪ್ಪ ಸೋಲಿನ ಶೂ ಹಾಕಿದ್ರೆ ಸೀಟಿನ ಎತ್ತರ ಸುಳ್ಳು ಹೇಳ್ತದೆ. ಕಾಲು ಊರದೆ ಒಂದು ಯೂಟರ್ನ್. ಆಮೇಲೆ ನಾಲ್ಕನೇ ಗೇರಲ್ಲಿ 40ರಿಂದ ಆಕ್ಸಿಲರೇಟರ್ ಕೊಟ್ಟು ಎಳೆಯುವ ರೀತಿ ನೋಡಿ. 80ರಲ್ಲಿ ಐದು ನಿಮಿಷ ಹಿಡಿದು ಕೈಬೆರಳು, ಪಾದ ಜೋಮು ಹಿಡಿಯುತ್ತದಾ ಗಮನಿಸಿ, ದಿನಕ್ಕೆ 65 ಕಿಮೀ ಹೋಗುವವರಿಗೆ ಇದೇ ಮುಖ್ಯ. ಹಿಂದೆ ಯಾರನ್ನಾದ್ರೂ ಕೂರಿಸಿ ಒಂದು ಹಂಪ್ ದಾಟಿ. ಎರಡೂ ಬೈಕನ್ನು ಒಂದೇ ದಿನ ಓಡಿಸಿ, ವಾರ ಬಿಟ್ಟು ಓಡಿಸಿದ್ರೆ ಹೋಲಿಕೆ ಮರೆತು ಹೋಗ್ತದೆ.

ಆಟಿಗೆ ಉಪಾಯ ಉಂಟು. ಆಟಿಯಲ್ಲಿ ಮಾತಾಡಿ ಬುಕ್ ಮಾಡಿ, ಅದರ ಮುಂದಿನ ಸೋಣ ತಿಂಗಳಲ್ಲಿ, ಆಗುವುದಾದ್ರೆ ಚೌತಿಗೆ ಸರಿಯಾಗಿ, ಮನೆಗೆ ತನ್ನಿ. ಬೆಲೆ ಲೆಕ್ಕಕ್ಕೆ ಬರುವುದು ಬುಕ್ ಮಾಡಿದ ದಿನದ್ದಲ್ಲ, ಬಿಲ್ ಮಾಡಿದ ದಿನದ್ದು. ಹಾಗಾಗಿ ಆಫರ್ ಯಾವ ತಾರೀಕಿನವರೆಗೆ ಅಂತ ಕೊಟೇಷನ್‌ನಲ್ಲೇ ಬರೆಸಿ. ಚಾಸಿ ನಂಬರ್ ಕೇಳಿ ತಯಾರಾದ ತಿಂಗಳು ಯಾವುದು ಅಂತ ನೋಡಿ, ಆಫರಿನ ಬೈಕ್ ಕೆಲವು ಸಲ ಆರು ತಿಂಗಳು ಗೋಡೌನ್‌ನಲ್ಲಿ ನಿಂತದ್ದಾಗಿರ್ತದೆ. ಹಾಗಿದ್ರೆ ಬ್ಯಾಟರಿ ಚಾರ್ಜ್ ಮಾಡಿಸಿಯೇ ತೆಗೊಳ್ಳಿ.

ಸೋಣದಲ್ಲೂ ಮಳೆ ಇರ್ತದೆ. ಹೊಸ ಟೈರಿನ ಮೇಲ್ಪದರ ನುಣುಪು, ಮೊದಲ 150 ಕಿಮೀ ಬೈಕ್ ಬಗ್ಗಿಸಬೇಡಿ. ಆಗುಂಬೆ ಮೊದಲ ಸರ್ವಿಸ್ ಆದ ಮೇಲೆ.