ಗೊರಕೆ ನಡುವೆ ಉಸಿರೇ ನಿಲ್ಲುತ್ತಿದೆ, ಟೆಸ್ಟ್ ಮಾಡಿಸಿದರೆ ಫೌಜಿನಲ್ಲಿ ತೊಂದರೆ ಆಗುತ್ತಾ?

ಪ್ರಶ್ನೆ (ಯಶವಂತಪುರದಿಂದ):
ಡಾಕ್ಟರ್ ಮೇಡಂ, ನಮ್ಮನೆಯವರು ಆರ್ಮಿಯಲ್ಲಿ ಹವಾಲ್ದಾರ್, ಡ್ರೈವರ್ ಕೆಲಸ. ವಯಸ್ಸು 37. ರಜೆಗೆ ಬಂದಿದ್ದಾರೆ. ಗೊರಕೆ ಮದುವೆಯಾದಾಗಿನಿಂದಲೂ ಇದೆ, ಅದು ನನಗೆ ಅಭ್ಯಾಸ ಆಗಿಹೋಗಿದೆ. ಈ ಸಲ ಬೇರೆ ಥರ. ಜೋರಾಗಿ ಹೊಡೆಯುತ್ತಾ ಹೊಡೆಯುತ್ತಾ ಪೂರ್ತಿ ಸದ್ದು ನಿಂತುಹೋಗುತ್ತದೆ. ನಾನು ಕತ್ತಲಲ್ಲಿ ಎಣಿಸುತ್ತಾ ಕೂರುತ್ತೇನೆ, ಒಂದೊಂದು ಸಲ ಇಪ್ಪತ್ತೈದರವರೆಗೂ ಹೋಗುತ್ತದೆ, ಆಮೇಲೆ ಬಾವಿಯಲ್ಲಿ ಮುಳುಗಿ ಎದ್ದವರ ಹಾಗೆ ಉಸಿರು ಎಳೆದುಕೊಂಡು ಮಗ್ಗುಲಾಗುತ್ತಾರೆ. ಹೋದ ವಾರ ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಸ್ಟೀರಿಂಗ್ ಹಿಡಿದೇ ತೂಕಡಿಸಿದರು. ಹಿಂದಿನವರು ಹಾರ್ನ್ ಹೊಡೆದ ಮೇಲೆ ಎಚ್ಚರ. ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಟೆಸ್ಟ್ ಅಂದರೆ "ಲೋ ಮೆಡಿಕಲ್ ಕೆಟಗರಿ (ಆರೋಗ್ಯ ಪೂರ್ತಿ ಸರಿಯಿಲ್ಲದವರನ್ನು ಹಾಕುವ ಕೆಳಗಿನ ದರ್ಜೆ) ಹಾಕ್ತಾರೆ, ಪ್ರಮೋಷನ್ ಹೋಗುತ್ತೆ, ಸುಮ್ನಿರು" ಅನ್ನುತ್ತಾರೆ. ಹೊಟ್ಟೆ ಬಂದಿಲ್ಲ, ದಿನಾ ಪಿ.ಟಿ. ಮಾಡುವವರು. ಯಾರಿಗೂ ಗೊತ್ತಾಗದ ಹಾಗೆ ಹೊರಗಡೆ ಮಾಡಿಸಬಹುದಾ?

ಉತ್ತರ (ಶ್ವಾಸಕೋಶ ತಜ್ಞೆ, ನಿದ್ರಾ ಕ್ಲಿನಿಕ್):
ಮೊದಲು ಒಂದು ಮಾತು. ಇವತ್ತಿನಿಂದ ಟೆಸ್ಟ್ ಆಗಿ ಚಿಕಿತ್ಸೆ ಶುರುವಾಗುವವರೆಗೆ ಅವರು ಗಾಡಿ ಓಡಿಸುವುದು ಬೇಡ. ಸಿಗ್ನಲ್‌ನಲ್ಲಿ ನಿದ್ದೆ ಹೋದವರು ಘಾಟಿ ರಸ್ತೆಯಲ್ಲಿ ಟ್ರಕ್ ತುಂಬ ಜವಾನರನ್ನು ಕೂರಿಸಿಕೊಂಡು ಹೋಗುವುದನ್ನು ನೆನೆಸಿಕೊಂಡರೆ ನನಗೆ ಭಯವಾಗುತ್ತದೆ.

ನೀವು ಹೇಳಿದ್ದು ಕೇಳಿದರೆ ಸ್ಲೀಪ್ ಅಪ್ನಿಯ ಇರುವ ಸಾಧ್ಯತೆ ಜಾಸ್ತಿ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಎಳೆಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಅರೆಎಚ್ಚರ ಮಾಡಿಸಿ ಉಸಿರು ಎಳೆಸುತ್ತದೆ. ಇದು ರಾತ್ರಿಯಿಡೀ ನಡೆದರೆ ಎಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಾಗಾಗುವುದಿಲ್ಲ. ಬಿ.ಪಿ. ಕೂಡ ಏರುತ್ತದೆ.

ದಪ್ಪ ಇದ್ದವರಿಗೇ ಬರುವುದು ಅಂತೇನಿಲ್ಲ. ಗದ್ದ ಹಿಂದಕ್ಕಿದ್ದರೆ, ಟಾನ್ಸಿಲ್ ದೊಡ್ಡದಿದ್ದರೆ, ಕತ್ತು ದಪ್ಪ ಇದ್ದರೆ ಗಟ್ಟಿಮುಟ್ಟಾದ ಸೈನಿಕರಿಗೂ ಬರುತ್ತದೆ. ಸೈನ್ಯದವರಲ್ಲಿ ಇದು ತಡವಾಗಿ ಗೊತ್ತಾಗುವುದಕ್ಕೆ ಕಾರಣವೂ ಇದೆ. ಸುಸ್ತು, ತೂಕಡಿಕೆ, ಸಿಡುಕು ಎಲ್ಲವನ್ನೂ ನೈಟ್ ಡ್ಯೂಟಿ ತಲೆಗೆ ಕಟ್ಟುತ್ತಾರೆ. ಬ್ಯಾರಕ್‌ನಲ್ಲಿ ಪಕ್ಕದವನು ಗೊರಕೆಗೆ ಬೈಯುತ್ತಾನೆ, ಉಸಿರು ನಿಂತದ್ದನ್ನು ಎಣಿಸುವವರು ಯಾರಿರುತ್ತಾರೆ? ನೀವು ಎಣಿಸಿದ್ದೀರಿ. ಅದನ್ನೇ ಫೋನಿನಲ್ಲಿ ಐದು ನಿಮಿಷ ವಿಡಿಯೋ ಮಾಡಿ, ಎದೆ, ಹೊಟ್ಟೆ ಕಾಣುವ ಹಾಗೆ. ಅವರಿಗೂ ತೋರಿಸಿ, ಡಾಕ್ಟರಿಗೂ ತೋರಿಸಿ.

ಟೆಸ್ಟ್‌ನಲ್ಲಿ ನೋವಿಲ್ಲ. ಒಂದು ರಾತ್ರಿ ಲ್ಯಾಬ್‌ನಲ್ಲಿ ಮಲಗಬೇಕು. ತಲೆಗೆ ಪೇಸ್ಟ್ ಹಚ್ಚಿ ವೈರ್ ಅಂಟಿಸುತ್ತಾರೆ, ಎದೆ ಮತ್ತು ಹೊಟ್ಟೆಗೆ ಬೆಲ್ಟ್, ಬೆರಳಿಗೆ ಆಮ್ಲಜನಕದ ಕ್ಲಿಪ್. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಯಂತ್ರವೂ ಇದೆ. ಅದರಲ್ಲಿ ಏನೂ ಇಲ್ಲ ಅಂತ ಬಂದು ತೂಕಡಿಕೆ ಹಾಗೇ ಇದ್ದರೆ ಲ್ಯಾಬ್ ಟೆಸ್ಟ್ ಮಾಡಿಸಲೇಬೇಕು. ಉಸಿರು 10 ಸೆಕೆಂಡ್ ಅಥವಾ ಹೆಚ್ಚು ನಿಂತರೆ, ಅಥವಾ ತೀರಾ ಕಡಿಮೆಯಾದರೆ, ಒಂದು ಲೆಕ್ಕ. ಗಂಟೆಗೆ 5ರಿಂದ 15 ಬಂದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಗುಟ್ಟಾಗಿ ಮಾಡಿಸುವ ವಿಷಯ. ಟೆಸ್ಟ್ ಯಾರು ಬೇಕಾದರೂ ಮಾಡಿಕೊಡುತ್ತಾರೆ, ಚಿಕಿತ್ಸೆಯನ್ನು ಮುಚ್ಚಿಡುವುದು ಹೇಗೆ? ಸಾಮಾನ್ಯವಾಗಿ ದಿನಾ ರಾತ್ರಿ ಗಾಳಿಯ ಒತ್ತಡ ಕೊಡುವ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಬೇಕಲ್ವಾ. ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ವಾಯುಪಡೆಯ ಕಮಾಂಡ್ ಹಾಸ್ಪಿಟಲ್ ಇದೆ, ಅಲ್ಲಿಂದಲೇ ಶುರು ಮಾಡಿ.

ನಿವೃತ್ತ ಸುಬೇದಾರ್, ಯಲಹಂಕ:
ನೋಡಮ್ಮಾ, ನಾನೂ ಹೀಗೇ ಎರಡು ವರ್ಷ ಮುಚ್ಚಿಟ್ಟಿದ್ದೆ. ಕೊನೆಗೆ ಬಿ.ಪಿ. ಏರಿ ಹಾಸ್ಪಿಟಲ್ ಸೇರಿದಾಗ ಎಲ್ಲಾ ಹೊರಗೆ ಬಂತು. ಮೊದಲು ತಾತ್ಕಾಲಿಕ ಕೆಟಗರಿ ಕೊಟ್ಟರು, ಚಿಕಿತ್ಸೆ ಆದ ಮೇಲೆ ಮೆಡಿಕಲ್ ಬೋರ್ಡ್ (ಕೆಟಗರಿ ತೀರ್ಮಾನಿಸುವ ಡಾಕ್ಟರ್‌ಗಳ ತಂಡ) ಮತ್ತೆ ನೋಡಿತು. ಎಲ್ಲರಿಗೂ ಒಂದೇ ತೀರ್ಮಾನ ಆಗುವುದಿಲ್ಲ, ಆದರೆ ಪೂರ್ತಿ ಸರ್ವಿಸ್ ಮುಗಿಸಿಯೇ ಬಂದೆ. ಮೊದಲ ಹತ್ತು ದಿನ ಮಾಸ್ಕ್ ಕಿತ್ತು ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ನನ್ನ ಮೀಸೆಗೆ ಮಾಸ್ಕ್ ಕೂರುತ್ತಲೇ ಇರಲಿಲ್ಲ, ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕದು ಕೊಟ್ಟ ಮೇಲೆ ಸರಿಹೋಯಿತು. ಮೀಸೆ ತೆಗೆಯಲಿಲ್ಲ!

ಪ್ರಶ್ನೆ ಕೇಳಿದವರು:
ಅಣ್ಣಾ, ಇದನ್ನು ಅವರಿಗೆ ಓದಿ ಹೇಳಿದೆ, ಏನೂ ಮಾತಾಡಲಿಲ್ಲ. ಮೇಡಂ, ಮಾಸ್ಕ್ ಬಿಟ್ಟು ಮಾತ್ರೆ ಇಲ್ಲವಾ? ಮುಂದಿನ ಪೋಸ್ಟಿಂಗ್ ಲೇಹ್ ಕಡೆ ಇರಬಹುದು ಅಂತಿದ್ದಾರೆ.

ಉತ್ತರ:
ನಿದ್ದೆ ಮಾತ್ರೆಯನ್ನಂತೂ ತಾವಾಗಿ ತೆಗೆದುಕೊಳ್ಳಲೇಬಾರದು. ರಾತ್ರಿ ರಮ್ಮೂ ಬೇಡ, ಗಂಟಲು ಇನ್ನೂ ಸಡಿಲವಾಗುತ್ತದೆ. ಸಿಪ್ಯಾಪ್ ಯಂತ್ರ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುತ್ತದೆ, 1981ರಿಂದ ಬಳಕೆಯಲ್ಲಿದೆ, ತೀವ್ರವಾಗಿದ್ದರೆ ಅದೇ ಮೊದಲ ಆಯ್ಕೆ. ಸೌಮ್ಯ, ಮಧ್ಯಮ ಇದ್ದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ ಇದೆ. ಅಂಗಾತ ಮಲಗಿದಾಗ ಮಾತ್ರ ತೊಂದರೆ ಇದ್ದರೆ ಮಗ್ಗುಲಾಗಿ ಮಲಗುವುದರಿಂದಲೂ ಅನುಕೂಲ. ಮಾಸ್ಕ್ ಬಂದರೆ ಸಂಜೆ ಟಿ.ವಿ. ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿಸಿ.

ಲೇಹ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅದು ಸುಮಾರು 3,500 ಮೀಟರ್ ಎತ್ತರ. ಅಷ್ಟು ಮೇಲೆ ಆರೋಗ್ಯವಂತರಿಗೂ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ, ಅದಕ್ಕೆ ಕಾರಣ ಬೇರೆ, ಗಂಟಲು ಮುಚ್ಚುವುದಲ್ಲ. ಮೊದಲೇ ಅಪ್ನಿಯ ಇರುವವರಿಗೆ ಎರಡೂ ಸೇರಿ ಆಮ್ಲಜನಕ ಇನ್ನೂ ಕೆಳಗಿಳಿಯುತ್ತದೆ, ಮೇಲಾಗಿ ಯಂತ್ರಕ್ಕೆ ಕರೆಂಟ್ ಬೇಕು. ಆದ್ದರಿಂದ ಪೋಸ್ಟಿಂಗ್‌ಗೆ ಮುಂಚೆಯೇ ಟೆಸ್ಟ್ ಆಗಬೇಕು. ರಜೆ ಇನ್ನೂ ಎಷ್ಟು ದಿನ ಇದೆ?

ಪ್ರಶ್ನೆ ಕೇಳಿದವರು:
ಹದಿನೆಂಟು ದಿನ ಮೇಡಂ. ನಿನ್ನೆ ರಾತ್ರಿಯ ವಿಡಿಯೋ ಈಗಷ್ಟೇ ತೋರಿಸಿದೆ. ಎರಡು ಸಲ ನೋಡಿದರು. ಕಾರಿನ ಕೀ ನನ್ನ ಕೈಗೆ ಕೊಟ್ಟು, "ಸೋಮವಾರ ಆಟೋದಲ್ಲಿ ಹೋಗೋಣ" ಅಂದರು.