ಬೈಪೋಲಾರ್ ಜೊತೆ ವರ್ಷಗಟ್ಟಲೆ ಬದುಕಿದವರು ದಿನ ಹೇಗೆ ನಡೆಸ್ತೀರಿ?

ಅರಸೀಕೆರೆಯಿಂದ, ಕೇಳಿದವರು

ಎಲ್ಲರಿಗೂ ನಮಸ್ಕಾರ. ನನಗೆ ಬೈಪೋಲಾರ್, ಅಂದ್ರೆ ಮನಸ್ಸು ಒಮ್ಮೆ ತೀರಾ ಏರಿ ಒಮ್ಮೆ ತೀರಾ ಕುಸಿಯೋ ಕಾಯಿಲೆ, ಇದೆ ಅಂತ ಈಚೆಗೆ ಗೊತ್ತಾಗಿದೆ. ಕೆಲವು ವಾರ ನಿದ್ದೆನೇ ಬೇಡ ಅನ್ನೋ ಹುರುಪು, ಆಮೇಲೆ ತಿಂಗಳುಗಟ್ಟಲೆ ಮಗಳಿಗೆ ಜಡೆ ಹಾಕೋಕೂ ಕೈ ಏಳಲ್ಲ. ಮನಸ್ಸು ಹದದಲ್ಲಿಡೋ ಲಿಥಿಯಂ ಮಾತ್ರೆ ಶುರು ಮಾಡಿದ್ದಾರೆ, ಸದ್ಯಕ್ಕೆ ಸಮಾಧಾನವಾಗಿದೀನಿ. ಅತ್ತೆ "ಚೆನ್ನಾಗೇ ಇದೀಯಲ್ಲಮ್ಮ, ಇನ್ನೂ ಯಾಕೆ ಮಾತ್ರೆ?" ಅಂತಾರೆ. ಇದರ ಜೊತೆಗೇ ಸಂಸಾರ, ಕೆಲಸ ಎಲ್ಲಾ ನಡೆಸ್ಕೊಂಡು ಬಂದೋರು ಏನೇನು ಮಾಡ್ತೀರಿ, ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ

ಅಕ್ಕಾರ, ನನಗ ಇದು ಕಾಲೇಜಿನಾಗ ಶುರು ಆತು, ಈಗ ನನ್ನ ಮಗನ ಕಾಲೇಜಿಗೆ ಹೊಂಟಾನ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ದವಾಖಾನ್ಯಾಗ ತೋರಸ್ತೀನಿ.

ಎಲ್ಲಕ್ಕಿಂತ ಮೊದಲ ನಿದ್ದಿ ಕಾಯ್ರಿ. ನಿದ್ದಿ ಕಡಿಮಿ ಆಗೋದು ಬರೇ ಲಕ್ಷಣ ಅಲ್ಲ, ಅದ ಹುರುಪು ಏರಲಿಕ್ಕೆ ದಾರಿನೂ ಮಾಡಿಕೊಡ್ತದ. ಶಿವರಾತ್ರಿಗೆ ಮನ್ಯಾಗ ಎಲ್ಲಾರೂ ಜಾಗರಣಿ ಇದ್ರೂ ನಾ ಪೂಜಿ ಮುಗಿಸಿ ಮಲಗತೀನಿ. ರಾತ್ರಿ ಬಸ್ಸಿನ ಪ್ರಯಾಣನೂ ಬಿಟ್ಟೀನಿ. ಒಂದು ಗುರುತು ಹೇಳ್ತೀನಿ. ಚಿಂತಿಗೆ ನಿದ್ದಿ ಕೆಟ್ರ ಮರುದಿನ ಮೈ ಭಾರ ಇರ್ತದ. ಮೂರ್ನಾಕು ತಾಸು ಮಲಗಿ, ದಣಿವ ಇಲ್ಲದ ಎದ್ದು, ತಲಿ ತುಂಬ ಹೊಸ ಹೊಸ ಯೋಜನಿ ಓಡಾಕತ್ತಿದ್ರ ಅದು ಬ್ಯಾರೆ. ಎರಡು ದಿನ ಹಂಗಾತಂದ್ರ ನಾ ಡಾಕ್ಟರಿಗೆ ಫೋನ್ ಮಾಡೇಬಿಡ್ತೀನಿ, ಮುಂದಿನ ತಾರೀಖು ಕಾಯೂದಿಲ್ಲ.

ಲಿಥಿಯಂ ಮಟ್ಟದ ರಕ್ತಪರೀಕ್ಷೆ ಹಿಂದಿನ ಮಾತ್ರಿ ತಗೊಂಡು 12 ತಾಸಿಗೆ ಆಗಬೇಕು. ರಾತ್ರಿ ಎಂಟಕ್ಕ ತಗೊಂಡ್ರ ಮುಂಜಾನೆ ಎಂಟಕ್ಕ ರಕ್ತ ಕೊಡ್ರಿ, ಮುಂಜಾನಿ ಮಾತ್ರಿ ಇದ್ರ ಆಮ್ಯಾಲೆ ತಗೋರಿ. ಥೈರಾಯ್ಡ್, ಕಿಡ್ನಿ ಪರೀಕ್ಷೆನೂ ತಪ್ಪಸಬ್ಯಾಡ್ರಿ. ನೀರು, ಉಪ್ಪು ಒಮ್ಮೆಲೇ ಕಡಿಮಿ ಮಾಡಬಾರದು, ಅದಕ್ಕ ನಾ ನಿರಾಹಾರ ಏಕಾದಶಿ ಬಿಟ್ಟೆ. ಮೊಣಕಾಲು ನೋವಿಗೆ ಅಂಗಡ್ಯಾಗಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬ್ಯಾಡ್ರಿ, ಲಿಥಿಯಂ ಮಟ್ಟ ಏರ್ತದ. ವಾಂತಿ-ಭೇದಿ, ಕೈ ಜೋರು ನಡುಗೋದು, ತೂರಾಡೋದು, ಮಾತು ತೊದಲೋದು ಕಂಡ್ರ ಅವತ್ತ ದವಾಖಾನಿಗೆ ಹೋಗ್ರಿ.

ಶಿವಮೊಗ್ಗದಿಂದ

ನನ್ನ ಹೆಂಡತಿಗೆ ಬೈಪೋಲಾರ್. ಅವಳು ಚೆನ್ನಾಗಿದ್ದಾಗ ಇಬ್ಬರೂ ಕೂತು ಅವಳ ಮುನ್ಸೂಚನೆಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಮಧ್ಯರಾತ್ರಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಜೋಡಿಸುವುದು, ಹಳೇ ಗೆಳತಿಯರಿಗೆಲ್ಲ ಒಂದೇ ದಿನ ಫೋನ್ ಮಾಡುವುದು, ಆನ್‌ಲೈನಲ್ಲಿ ಸೀರೆ ಮೇಲೆ ಸೀರೆ ತರಿಸುವುದು. ಯುಪಿಐ ಮಿತಿ ಕಡಿಮೆ ಮಾಡಿಸಿದ್ದು ಅವಳದೇ ತೀರ್ಮಾನ. ಆ ಹಾಳೆ ತೋರಿಸಿ ಮಾತಾಡುವ ಹಕ್ಕನ್ನು ಅವಳು ಒಬ್ಬರಿಗೇ ಕೊಟ್ಟಿದ್ದಾಳೆ, ಅದೂ ಅವಳ ಅಕ್ಕನಿಗೆ, ನನಗಲ್ಲ. ಅದು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಸ್ವಲ್ಪ ಜೋರಾಗಿ ನಕ್ಕರೂ "ಮಾತ್ರೆ ತಗೊಂಡ್ಯಾ?" ಅಂತ ನಾಲ್ಕು ಜನ ಕೇಳುವ ಮನೆಯಲ್ಲಿ ಯಾರಿಗೆ ತಾನೆ ನೆಮ್ಮದಿ ಇರುತ್ತದೆ?

ಅತ್ತೆಯವರನ್ನು ಒಮ್ಮೆ ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಬಿಪಿ ಮಾತ್ರೆ ಹಾಗೇ ಇದು, ತಗೊಳ್ತಿರೋದರಿಂದಲೇ ಚೆನ್ನಾಗಿರೋದು ಅಂತ ಡಾಕ್ಟರೇ ಹೇಳಿದರೆ ಹಿರಿಯರು ಒಪ್ಪುತ್ತಾರೆ. ಕಾಯಿಲೆ ಜೋರಾದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರ ಯಾರು ಮಾತಾಡಬೇಕು ಅಂತ ಮೊದಲೇ ಬರೆದಿಡುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ಆರೋಗ್ಯ ವಿಮೆಯಲ್ಲೂ ಮನೋರೋಗವನ್ನು ದೇಹದ ಕಾಯಿಲೆಯಂತೆಯೇ ಕಾಣಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಕೇಳಲು ಸಂಕೋಚ ಬೇಡ.

ತುಮಕೂರು ಜಿಲ್ಲೆಯಿಂದ

ಕೈ ಏಳದ ದಿನಗಳ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ನಾನು ಬರೀತಿದೀನಿ. ಆ ದಿನಗಳಿಗೆ ನಂದು ಚಿಕ್ಕ ಪಟ್ಟಿ: ಮುಖ ತೊಳೆಯೋದು, ಬೆಳಗಿನ ಬಿಸಿಲಲ್ಲಿ ಜಗಲಿ ಮೇಲೆ ಕೂರೋದು, ಮಾತ್ರೆ, ಒಂದು ತುತ್ತು ಮುದ್ದೆ. ಅಷ್ಟಾದರೆ ಸಾಕು. ಮಗಳ ಜಡೆ ಅವತ್ತು ಬೇರೆ ಯಾರಾದರೂ ಹಾಕ್ಲಿ, ಅದರಿಂದ ನೀವು ಕೆಟ್ಟ ತಾಯಿ ಆಗಲ್ಲ ಕಣ್ರೀ. ಸಾಯೋ ಯೋಚನೆ ಬಂದರೆ ಮಾತ್ರ ಪಟ್ಟಿಗಿಟ್ಟಿ ಬಿಟ್ಟು ತಕ್ಷಣ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರ್ತಾರೆ. ನಿಮ್ಮ ಕಡೆ ಯಾವ ವಾರ ಅಂತ ವಿಚಾರಿಸಿ, ಪ್ರತಿ ಸಲ ದೂರ ಓಡಾಡೋದು ತಪ್ಪುತ್ತೆ.

ಅರಸೀಕೆರೆಯಿಂದ

ಓದಿ ಕಣ್ಣು ತುಂಬಿ ಬಂತು, ಎಲ್ಲರಿಗೂ ಋಣಿ. ಮುನ್ಸೂಚನೆ ಬರೆಯೋಕೆ ಶುರು ಮಾಡಿದೀನಿ. ಇನ್ನೊಂದು ಮಾತು: ಎರಡನೇ ಮಗು ಬೇಕು ಅಂತ ಆಸೆ ಇದೆ, ಹೇಗೆ?

ಮೈಸೂರಿನಿಂದ

ನನಗೂ ಬೈಪೋಲಾರ್ ಇದೆ, ಮಗನೂ ಇದ್ದಾನೆ, ಧೈರ್ಯವಾಗಿರಿ. ಗರ್ಭ ಧರಿಸೋಕೆ ಮುಂಚೆನೇ ಡಾಕ್ಟರಿಗೆ ಹೇಳಿ, ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಬೈಪೋಲಾರ್‌ಗೆ ಕೊಡೋ ಇನ್ನೊಂದು ಔಷಧಿ ವ್ಯಾಲ್ಪ್ರೊಯೇಟ್ ಹೊಟ್ಟೆಯಲ್ಲಿರೋ ಮಗುವಿಗೆ ಅಪಾಯ, ಲಿಥಿಯಂ ಮುಂದುವರಿಸೋದಾ ಬೇಡವಾ ಅನ್ನೋದನ್ನ ಅವರೇ ತೂಗಿ ನೋಡಿ ಹೇಳ್ತಾರೆ. ಹೆರಿಗೆ ಆದ ಮೊದಲ ವಾರಗಳಲ್ಲಿ ಮರುಕಳಿಸೋ ಸಾಧ್ಯತೆ ಜಾಸ್ತಿ. ಬಾಣಂತನದಲ್ಲಿ ರಾತ್ರಿ ಮಗು ನೋಡ್ಕೊಳ್ಳೋಕೆ ನನ್ನ ಅಮ್ಮ ಇದ್ದರು, ನಾನು ನಿದ್ದೆ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೇ ದಾಖಲು ಮಾಡ್ಕೊಳ್ಳೋ ವಾರ್ಡ್ ಇದೆ. ರಾತ್ರಿ ಹೊತ್ತು ನಿಮಗೆ ಯಾರಿರ್ತಾರೆ ಅನ್ನೋದನ್ನ ಈಗಲೇ ಮನೆಯಲ್ಲಿ ಮಾತಾಡಿಟ್ಟುಕೊಳ್ಳಿ.